ವೈದ್ಯರ ನಿರ್ಲಕ್ಷ್ಯ: ನೋವಿನ ಪರಿಹಾರಕ್ಕೆ ಕಾನೂನಿನಲ್ಲಿ ಮಿತಿ ಇದೆಯೇ?

ಆಪರೇಷನ್ ಕೆಟ್ಟಿತು, ಹೊಲಿಗೆ ಕೀವಾಯಿತು, ಇಂಜೆಕ್ಷನ್ ಚುಚ್ಚಿದ ಕೈ ಸ್ವಾಧೀನ ತಪ್ಪಿತು. ಹಾರನಹಳ್ಳಿ ಹೋಬಳಿಯಿಂದ ಪಿರಿಯಾಪಟ್ಟಣಕ್ಕೋ ಹುಣಸೂರಿಗೋ ಹೋಗಿ, ಅಲ್ಲಿಂದ ಮೈಸೂರಿಗೆ ಚೀಟಿ ಬರೆಸಿಕೊಂಡು ಹೋಗಿ ಬಂದವರ ಮನೆಯಲ್ಲಿ ಇಂಥ ಮಾತು ಎದ್ದಾಗ ಕೇಳಿಬರುವ ಉತ್ತರ ಎರಡು. ಒಂದು, ‘ಡಾಕ್ಟರ ಮೇಲೆ ಕೇಸು ನಿಲ್ಲಲ್ಲ ಬಿಡಿ’. ಇನ್ನೊಂದು, ಸ್ವಲ್ಪ ತಿಳಿದವರದು: ‘ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಐವತ್ತು ಲಕ್ಷದ ಮೇಲೆ ಕೇಳೋ ಹಾಗಿಲ್ಲ’. ಎರಡೂ ತಪ್ಪು. ಎರಡನೆಯದು ಹೆಚ್ಚು ಅಪಾಯಕಾರಿ. ಏಕೆಂದರೆ ಅದರಲ್ಲಿ ಅರ್ಧ ನಿಜ ಇದೆ.

ನಿಜ ಏನೆಂದರೆ, ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ 50 ಲಕ್ಷ ರೂಪಾಯಿಯ ಗಡಿ ಇದೆ. ಆದರೆ ಅದು ನೀವು ಆಸ್ಪತ್ರೆಗೆ ಕಟ್ಟಿದ ಹಣದ ಗಡಿ, ಕೇಳುವ ಪರಿಹಾರದ್ದಲ್ಲ. 1986ರ ಹಳೆಯ ಗ್ರಾಹಕರ ಕಾಯ್ದೆಯಲ್ಲಿ ಸೇವೆಯ ಬೆಲೆಗೆ ಪರಿಹಾರದ ಮೊತ್ತವನ್ನೂ ಕೂಡಿಸಿ ಯಾವ ಆಯೋಗ ಎಂದು ನೋಡುತ್ತಿದ್ದರು. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಕಾಯ್ದೆ ಅದನ್ನು ಬದಲಿಸಿತು. ಈಗ ಲೆಕ್ಕಕ್ಕೆ ಬರುವುದು ಕಟ್ಟಿದ ಬಿಲ್ ಮಾತ್ರ: 50 ಲಕ್ಷದವರೆಗೆ ಜಿಲ್ಲಾ ಆಯೋಗ, 2 ಕೋಟಿಯವರೆಗೆ ಬೆಂಗಳೂರಿನ ರಾಜ್ಯ ಆಯೋಗ, ಅದಕ್ಕೂ ಮೇಲೆ ದೆಹಲಿಯ ರಾಷ್ಟ್ರೀಯ ಆಯೋಗ. ಈ ಬದಲಾವಣೆ ಸರಿಯೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿತು. ಹಾಗಾಗಿ 80 ಸಾವಿರ ರೂಪಾಯಿ ಬಿಲ್ ಕಟ್ಟಿದವರು ಮೈಸೂರಿನಲ್ಲೇ 60 ಲಕ್ಷ ಪರಿಹಾರ ಕೇಳಬಹುದು. ಶುಲ್ಕವೂ ಬಿಲ್ಲಿನ ಮೇಲೆಯೇ. 5 ಲಕ್ಷದವರೆಗೆ ಕಟ್ಟಿದ್ದರೆ ಶುಲ್ಕವೇ ಇಲ್ಲ.

ಇನ್ನು ನೋವಿನ ಪರಿಹಾರಕ್ಕೆ ಇಷ್ಟೇ ಎಂದು ಯಾವ ಕಾಯ್ದೆಯೂ ಬರೆದಿಲ್ಲ. ಕಾಯ್ದೆಯ 39ನೇ ಕಲಮು, ನಿರ್ಲಕ್ಷ್ಯದಿಂದ ಗ್ರಾಹಕನಿಗಾದ ನಷ್ಟ ಅಥವಾ ಹಾನಿಗೆ ಪರಿಹಾರ ಕೊಡಿಸಬಹುದು ಎನ್ನುತ್ತದೆ. ಅಗತ್ಯವೆನಿಸಿದರೆ ದಂಡರೂಪದ ಪರಿಹಾರವನ್ನೂ ವಿಧಿಸಬಹುದು. ಗಾಜಿಯಾಬಾದ್ ಅಭಿವೃದ್ಧಿ ಪ್ರಾಧಿಕಾರದ 2004ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ಪರಿಹಾರದೊಳಗೆ ದೈಹಿಕ, ಮಾನಸಿಕ ಯಾತನೆಯೂ ಸೇರುತ್ತದೆ ಎಂದು ಬಿಡಿಸಿ ಹೇಳಿದೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಹಾಗಿಲ್ಲ. ಕ್ಯಾಲಿಫೋರ್ನಿಯಾ 1975ರಲ್ಲೇ ನೋವು, ಯಾತನೆಗೆ 2.5 ಲಕ್ಷ ಡಾಲರ್ ಎಂಬ ಮೇಲ್ಮಿತಿ ಹಾಕಿ ನಾಲ್ಕು ದಶಕ ಮೀರಿ ಅದನ್ನು ಮುಟ್ಟಲಿಲ್ಲ. 2023ರಿಂದ ಅದು ವರ್ಷವರ್ಷ ಏರುತ್ತಿದೆ. ಮಗಳು, ಅಳಿಯ ಅಲ್ಲಿದ್ದು ಅಲ್ಲಿಯ ಸುದ್ದಿ ಕೇಳಿದವರು ನಮ್ಮಲ್ಲೂ ಹಾಗೇ ಇರಬೇಕು ಎಂದುಕೊಳ್ಳಬೇಕಿಲ್ಲ.

ಹಾಗಾದರೆ ಕೋಟಿ ಕೋಟಿ ಸಿಗುತ್ತದೆಯೇ? ಇಲ್ಲ. ನಮ್ಮಲ್ಲಿರುವುದು ‘ನ್ಯಾಯೋಚಿತ ಪರಿಹಾರ’ ಎಂಬ ಅಳತೆಗೋಲು. ನೋವು ಮತ್ತು ಯಾತನೆ ಎಂಬ ಬಾಬಿಗೆ ಸಿಗುವ ಮೊತ್ತ ಒಟ್ಟು ಪರಿಹಾರದಲ್ಲಿ ಸಾಮಾನ್ಯವಾಗಿ ಚಿಕ್ಕ ಪಾಲು. ದೇಶದ ಅತಿ ದೊಡ್ಡ ವೈದ್ಯಕೀಯ ನಿರ್ಲಕ್ಷ್ಯ ಪ್ರಕರಣಗಳಲ್ಲೊಂದಾದ ಕುನಾಲ್ ಸಾಹಾ ಪ್ರಕರಣವನ್ನೇ ನೋಡಿ. 1998ರಲ್ಲಿ ಕೋಲ್ಕತ್ತದ ಚಿಕಿತ್ಸೆಯ ನಂತರ ಪತ್ನಿಯನ್ನು ಕಳೆದುಕೊಂಡ, ಸ್ವತಃ ವೈದ್ಯರಾದ ಸಾಹಾ ಮೊದಲು ಕೇಳಿದ್ದು 77 ಕೋಟಿ. 2013ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಡಿಸಿದ್ದು ವ್ಯಾಜ್ಯದ ಖರ್ಚೂ ಸೇರಿ 6.08 ಕೋಟಿ, ಮೇಲೆ ಬಡ್ಡಿ. ಅದರಲ್ಲಿ 5.72 ಕೋಟಿ ಸಂಪಾದನೆಯ ನಷ್ಟಕ್ಕೆ ಹೋಯಿತು. ನೋವು, ಯಾತನೆಗೆ ಬಂದದ್ದು 10 ಲಕ್ಷ.

ಇನ್ನೊಂದು ಪ್ರಕರಣ ಬೆಂಗಳೂರಿಗೆ ಸೇರಿದ್ದು. ಇಂಜಿನಿಯರಿಂಗ್ ಓದುತ್ತಿದ್ದ ಪ್ರಶಾಂತ್ ಧನಂಕ ಅವರಿಗೆ 1990ರಲ್ಲಿ ಹೈದರಾಬಾದಿನ ನಿಜಾಮ್ಸ್ ಸಂಸ್ಥೆಯಲ್ಲಿ ಆಪರೇಷನ್ ಆಗಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಮುಂದೆ ಅವರು ಬೆಂಗಳೂರಿನಲ್ಲಿ ಇನ್ಫೋಸಿಸ್ ಉದ್ಯೋಗಿಯಾದರು, ತಮ್ಮ ಕೇಸನ್ನು ಸುಪ್ರೀಂ ಕೋರ್ಟಿನಲ್ಲಿ ತಾವೇ ವಾದಿಸಿದರು. ರಾಷ್ಟ್ರೀಯ ಆಯೋಗ ಕೊಟ್ಟಿದ್ದ 15.5 ಲಕ್ಷ 2009ರಲ್ಲಿ 1 ಕೋಟಿ ಆಯಿತು. ಅದು ಒಂದೇ ಗಂಟಾಗಿ ಹಾಕಿದ ಅಂಕಿಯಲ್ಲ. ನರ್ಸ್‌ಗೆ ತಿಂಗಳಿಗೆ ಇಷ್ಟು, ಫಿಸಿಯೋಥೆರಪಿಗೆ ಇಷ್ಟು, ಕಾರು ಓಡಿಸಿ ಎತ್ತಿ ಕೂರಿಸುವವನಿಗೆ ಇಷ್ಟು, ಮೂವತ್ತು ವರ್ಷಕ್ಕೆ ಎಷ್ಟು ಎಂದು ಕೂಡಿ ಬಂದ ಲೆಕ್ಕ. ಅಲ್ಲಿಯೂ ನೋವಿನ ಬಾಬು 10 ಲಕ್ಷವೇ.

ಈ ಅಂಕಿ ಏರುತ್ತಿಲ್ಲ ಎಂದಲ್ಲ. ಕರ್ನಾಟಕದಿಂದಲೇ ಹೋದ ಕೆ.ಎಸ್. ಮುರಳೀಧರ್ ಪ್ರಕರಣದಲ್ಲಿ, ಶೇ 90ರಷ್ಟು ಅಂಗವೈಕಲ್ಯಕ್ಕೆ ಒಳಗಾದವರಿಗೆ ನೋವು, ಯಾತನೆಗೆಂದೇ 15 ಲಕ್ಷ ಕೊಡಬೇಕು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ವಾಹನ ಅಪಘಾತದ ಕೇಸು. ಆದರೂ ನೋವನ್ನು ಅಳೆಯುವ ಮಾತಿಗೆ ವೈದ್ಯಕೀಯ ದೂರಿನಲ್ಲಿ ಇದನ್ನು ಧಾರಾಳವಾಗಿ ತೋರಿಸಬಹುದು. ಅಪಘಾತದ ಸಾವಿನ ಕೇಸುಗಳಿಗೆ 2017ರ ಪ್ರಣಯ್ ಸೇಥಿ ತೀರ್ಪು ಅಂತ್ಯಕ್ರಿಯೆಗೆ 15 ಸಾವಿರ, ದಾಂಪತ್ಯ ನಷ್ಟಕ್ಕೆ 40 ಸಾವಿರ ಎಂದು ದರ ಕಟ್ಟಿದೆ. ಎದುರು ಪಕ್ಷದ ವಕೀಲರು ಇದನ್ನು ಹಿಡಿದು ನಿಮ್ಮನ್ನು ಎಳೆಯಲು ನೋಡಿದರೆ, ಅಪಘಾತದ ಕೋಷ್ಟಕವನ್ನು ವೈದ್ಯಕೀಯ ಪ್ರಕರಣಕ್ಕೆ ಯಾಂತ್ರಿಕವಾಗಿ ಹಚ್ಚುವುದನ್ನು ಸಾಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಲ್ಲ ಎಂದು ಹೇಳಿ.

ಅಂದರೆ ಮಿತಿ ಇರುವುದು ಕಾಯ್ದೆಯ ಪುಸ್ತಕದಲ್ಲಲ್ಲ, ನಿಮ್ಮ ದೂರಿನ ಕಾಗದದಲ್ಲಿ. ‘ತುಂಬಾ ನೋವು ಅನುಭವಿಸಿದ್ದೇವೆ, 20 ಲಕ್ಷ ಕೊಡಿಸಿ’ ಎಂದು ಬರೆದ ದೂರಿಗೆ ಆಯೋಗ ಸುಮ್ಮನೆ ಒಂದು ಅಂಕಿ ಹಾಕಿ ಮುಗಿಸುತ್ತದೆ. ಅದೇ ದೂರನ್ನು ಬೇರೆ ರೀತಿ ಬರೆಯಬಹುದು. ಊಹೆಗೆ ಒಬ್ಬ ಹೊಗೆಸೊಪ್ಪು ಬೆಳೆಗಾರನನ್ನು ತೆಗೆದುಕೊಳ್ಳೋಣ. ಹೊಟ್ಟೆಯ ಆಪರೇಷನ್ ಆದ ಮೇಲೆ ಒಳಗೆ ಬಟ್ಟೆ ಉಳಿದು, ಎರಡನೇ ಸಲ ಕೊಯ್ದು ತೆಗೆಯಬೇಕಾಯಿತು. ಎರಡು ಆಪರೇಷನ್‌ಗಳ ನಡುವಿನ ಪ್ರತಿ ಒ.ಪಿ.ಡಿ. ಚೀಟಿಯೂ ಅವನ ನೋವಿನ ಸಾಕ್ಷಿ. ನೋವಿನ ಮಾತ್ರೆ ಕೊಂಡ ಮೆಡಿಕಲ್ ಸ್ಟೋರ್ ಬಿಲ್ಲುಗಳೂ ಅಷ್ಟೇ, ಅವುಗಳ ಮೇಲೆ ತಾರೀಖು ಇರುತ್ತದೆ. ಆ ತಿಂಗಳು ಬ್ಯಾರನ್ ಹಚ್ಚುವ ಕಾಲವಾಗಿದ್ದರೆ, ರಾತ್ರಿ ಉರಿ ನೋಡಿಕೊಳ್ಳಲು ಆಳು ಇಟ್ಟಿದ್ದರೆ, ಕೂಲಿ ಪಡೆದವನಿಂದ ಅಫಿಡವಿಟ್ ಮಾಡಿಸಬೇಕು. ಹಿಂದಿನ ಮೂರು ವರ್ಷ ತಂಬಾಕು ಮಂಡಳಿಯ ಹರಾಜು ಕಟ್ಟೆಯಲ್ಲಿ ಮಾರಿದ ಲೆಕ್ಕ, ಈ ವರ್ಷದ ಲೆಕ್ಕ, ಎರಡನ್ನೂ ಪಕ್ಕಪಕ್ಕ ಇಟ್ಟರೆ ಆದಾಯ ನಷ್ಟ ತಾನೇ ಮಾತಾಡುತ್ತದೆ. ಹೆಂಡತಿ ಡೇರಿಗೆ ಹಾಲು ಹಾಕುತ್ತಿದ್ದು ಗಂಡನ ಆರೈಕೆಗೆ ನಿಂತು ಬಿಟ್ಟಿದ್ದರೆ, ಹಾಲು ಸಂಘದ ಪಾಸ್ ಪುಸ್ತಕದಲ್ಲಿ ಆ ತಿಂಗಳುಗಳು ಖಾಲಿ ಇರುತ್ತವೆ. ರೈತನಿಗೆ ಸಂಬಳದ ಚೀಟಿ ಇಲ್ಲ ಎಂದು ಆಸ್ಪತ್ರೆಯ ವಕೀಲರು ಹೇಳಿಯೇ ಹೇಳುತ್ತಾರೆ. ಈ ಪುಸ್ತಕಗಳೇ ಅದಕ್ಕೆ ಉತ್ತರ.

ಮೊದಲು ಕೈಗೆ ಬರಬೇಕಾದ್ದು ಆಸ್ಪತ್ರೆಯ ಕೇಸ್ ಶೀಟ್. ಡಿಸ್ಚಾರ್ಜ್ ಸಮ್ಮರಿ ಸಾಲದು. ಆಪರೇಷನ್ ಟಿಪ್ಪಣಿ, ಅರಿವಳಿಕೆ ಚಾರ್ಟ್, ನರ್ಸ್ ಬರೆದ ದಿನಚರಿ, ಒಪ್ಪಿಗೆ ಪತ್ರ ಎಲ್ಲದರ ಪ್ರತಿ ಬೇಕೆಂದು ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಹಾಕಿಸಿಕೊಳ್ಳಿ ಅಥವಾ ನೋಂದಾಯಿತ ಅಂಚೆಯಲ್ಲಿ ಕಳಿಸಿ. 2002ರ ವೈದ್ಯರ ನಡವಳಿಕೆ ನಿಯಮದಂತೆ ಕೇಳಿದ 72 ಗಂಟೆಯೊಳಗೆ ಕೊಡಬೇಕು. ಒಳರೋಗಿಯ ದಾಖಲೆಯನ್ನು ಅವರು ಮೂರು ವರ್ಷ ಕಾಪಾಡಬೇಕು. ಕೊಡದಿದ್ದರೆ ಆ ಅಂಶವನ್ನೂ ದೂರಿನಲ್ಲಿ ಸೇರಿಸಿ.

ಸರ್ಕಾರಿ ಆಸ್ಪತ್ರೆಯ ಮಾತು ಬೇರೆ. ವಿ.ಪಿ. ಶಾಂತಾ ಪ್ರಕರಣದ 1995ರ ತೀರ್ಪಿನ ಪ್ರಕಾರ ಎಲ್ಲರಿಗೂ ಪೂರ್ತಿ ಉಚಿತ ಸೇವೆ ಕೊಡುವ ಆಸ್ಪತ್ರೆ ಗ್ರಾಹಕರ ಕಾಯ್ದೆಯೊಳಗೆ ಬರುವುದಿಲ್ಲ. ಹತ್ತಿಪ್ಪತ್ತು ರೂಪಾಯಿಯ ಒ.ಪಿ.ಡಿ. ಚೀಟಿ ಮಾಡಿಸಿದ್ದು ಹಣ ಕೊಟ್ಟಂತೆ ಆಗದು. ಆದರೆ ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ನೋಡುವ ಆಸ್ಪತ್ರೆಯಲ್ಲಿ ಉಚಿತ ರೋಗಿಯೂ ಗ್ರಾಹಕನೇ. ವಿಮೆಯಿಂದ ಬಿಲ್ ತೀರಿದರೆ ಅದು ಉಚಿತ ಸೇವೆಯಲ್ಲ ಎಂದೂ ಅದೇ ತೀರ್ಪು ಹೇಳಿದೆ. ಆದ್ದರಿಂದ ಸಹಕಾರ ಸಂಘದ ಮೂಲಕ ಯಶಸ್ವಿನಿ ಆರೋಗ್ಯ ಯೋಜನೆಗೆ ವಂತಿಗೆ ಕಟ್ಟಿ ಖಾಸಗಿ ಆಸ್ಪತ್ರೆಗೆ ಹೋದವರು ಆ ವಾದವನ್ನು ಕೈಬಿಡಬಾರದು. ಪೂರ್ತಿ ಉಚಿತವೇ ಆಗಿದ್ದರೆ ಸಿವಿಲ್ ನ್ಯಾಯಾಲಯ, ಹೈಕೋರ್ಟ್, ರಾಜ್ಯ ಮಾನವ ಹಕ್ಕುಗಳ ಆಯೋಗ ಇವೆ. ಸರ್ಕಾರಿ ಆಸ್ಪತ್ರೆಯಾದರೆ ಮೊತ್ತ ಕಡಿಮೆಯೇ ಇರಬೇಕೆಂದಿಲ್ಲ: ಚೆನ್ನೈನ ಎಗ್ಮೋರ್ ಸರ್ಕಾರಿ ಆಸ್ಪತ್ರೆಯಲ್ಲಿ ಅವಧಿಗೆ ಮುನ್ನ ಹುಟ್ಟಿದ ಮಗುವಿನ ಕಣ್ಣು ಪರೀಕ್ಷಿಸದೆ ದೃಷ್ಟಿ ಹೋದದ್ದಕ್ಕೆ 2015ರಲ್ಲಿ ಸುಪ್ರೀಂ ಕೋರ್ಟ್ ಲೆಕ್ಕ ಹಾಕಿದ ಪರಿಹಾರ 1.8 ಕೋಟಿ.

ನಿಗದಿತ ಮೊತ್ತ ಎಂಬುದು ನಮ್ಮಲ್ಲಿ ಕಾಣುವ ಒಂದು ಜಾಗ ಸಂತಾನಹರಣ ಶಸ್ತ್ರಚಿಕಿತ್ಸೆ. ಕೇಂದ್ರದ ಕುಟುಂಬ ಯೋಜನೆ ಪರಿಹಾರ ಯೋಜನೆಯಲ್ಲಿ ಸಾವು, ತೊಡಕು, ಆಪರೇಷನ್ ವಿಫಲವಾಗಿ ಮತ್ತೆ ಗರ್ಭ ನಿಲ್ಲುವುದು, ಇವಕ್ಕೆಲ್ಲ ದರಪಟ್ಟಿ ಇದೆ. ಆ ಮೊತ್ತ ಹೆಚ್ಚಾಗಬೇಕೆಂದು 2016ರಲ್ಲಿ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಇಲ್ಲಿ ನಿರ್ಲಕ್ಷ್ಯ ಸಾಬೀತು ಮಾಡುವ ಹೊರೆ ಇಲ್ಲ. ಅರ್ಜಿಯನ್ನು ಮಾತ್ರ ತಡಮಾಡದೆ ಆಪರೇಷನ್ ಆದ ಆಸ್ಪತ್ರೆಯ ಮೂಲಕ ಜಿಲ್ಲಾ ಆರೋಗ್ಯ ಇಲಾಖೆಗೆ ಕೊಡಬೇಕು.

ಒಂದು ಮಾತು ವೈದ್ಯರ ಪರವಾಗಿ. ಕಾಯಿಲೆ ವಾಸಿಯಾಗಲಿಲ್ಲ ಎಂಬುದೇ ನಿರ್ಲಕ್ಷ್ಯವಲ್ಲ. ಸಾಧಾರಣ ಕೌಶಲದ ವೈದ್ಯ ಮಾಡಬೇಕಾದ್ದನ್ನು ಮಾಡಲಿಲ್ಲ ಎಂದು ತೋರಿಸಬೇಕು. ಪೊಲೀಸ್ ಠಾಣೆಗೆ ನುಗ್ಗುವುದೂ, ಆಸ್ಪತ್ರೆಯ ಗಾಜು ಒಡೆಯುವುದೂ ನಿಮ್ಮ ಕೇಸನ್ನೇ ಕೆಡಿಸುತ್ತವೆ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಂತೆ ಕ್ರಿಮಿನಲ್ ಪ್ರಕರಣಕ್ಕೆ ಘೋರ ನಿರ್ಲಕ್ಷ್ಯವೇ ಬೇಕು, ಅದಕ್ಕೂ ಮುಂಚೆ ಸ್ವತಂತ್ರ ವೈದ್ಯರ ಅಭಿಪ್ರಾಯ ಬೇಕು. ಕರ್ನಾಟಕ ವೈದ್ಯಕೀಯ ಪರಿಷತ್ತು ವೈದ್ಯರ ನೋಂದಣಿ ಅಮಾನತು ಮಾಡಬಲ್ಲದು, ಹಣ ಕೊಡಿಸದು. ಹೆಣ ಕೊಡದೆ ಬಿಲ್‌ಗೆ ಹಿಡಿದಿಟ್ಟುಕೊಂಡಂಥ ದೂರಿಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರವಿದೆ.

ಗ್ರಾಹಕರ ಆಯೋಗದಲ್ಲಿ ವಕೀಲರು ಕಡ್ಡಾಯವಲ್ಲ. ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದಾದ್ದರಿಂದ, ಆಪರೇಷನ್ ಮಡಿಕೇರಿಯಲ್ಲೋ ಬೆಂಗಳೂರಿನಲ್ಲೋ ಆಗಿದ್ದರೂ ಹಾರನಹಳ್ಳಿಯವರಿಗೆ ಮೈಸೂರು ಸಾಕು. ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಆಸ್ಪತ್ರೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ. ಅದರ ಮೇಲೆ ಒಂದು ದಿನವೂ ಇಲ್ಲ. ಸಾವು ಅಥವಾ ತೀವ್ರ ಗಾಯದ ಪ್ರಕರಣವನ್ನು ರಾಜಿ ಮಧ್ಯಸ್ಥಿಕೆಗೆ ಕಳಿಸುವಂತಿಲ್ಲ. ಸೋತ ಆಸ್ಪತ್ರೆ ಮೇಲ್ಮನವಿ ಹೋಗಬೇಕಾದರೆ 45 ದಿನದಲ್ಲಿ, ಅರ್ಧ ಮೊತ್ತ ಠೇವಣಿ ಇಟ್ಟು ಹೋಗಬೇಕು. ಮೂರು ತಿಂಗಳಲ್ಲಿ ತೀರ್ಮಾನ ಎಂದು ಕಾಯ್ದೆ ಹೇಳುತ್ತದೆ. ಅದನ್ನು ನಂಬಿಕೊಂಡು ಸಾಲ ಮಾಡಬೇಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರನ್ನು ಪಡೆಯಬಹುದು. ಅದರ ಸಹಾಯವಾಣಿ 15100, ಗ್ರಾಹಕರ ಸಹಾಯವಾಣಿ 1915.

ಕೊನೆಯದಾಗಿ ಗಡುವು. ದೂರಿಗೆ ಎರಡು ವರ್ಷ. ನಿರ್ಲಕ್ಷ್ಯ ತಡವಾಗಿ ತಿಳಿದರೆ ತಿಳಿದ ದಿನದಿಂದ ಎಣಿಸಬಹುದು. ಆದರೆ ನೋವಿದ್ದರೂ ಸುಮ್ಮನಿದ್ದವರಿಗೆ ಆ ಸೌಲಭ್ಯ ಸಿಗುವುದು ಕಷ್ಟ. 1993ರಲ್ಲಿ ಆಪರೇಷನ್ ಆದ ಒಬ್ಬ ನರ್ಸ್‌ಗೆ ಹೊಟ್ಟೆಯೊಳಗೆ ಬಟ್ಟೆ ಉಳಿದಿದೆ ಎಂದು ಗೊತ್ತಾದದ್ದು 2002ರಲ್ಲಿ. ದೂರು ಕೊಟ್ಟಿದ್ದು 2004ರಲ್ಲಿ. ಒಂಬತ್ತು ವರ್ಷ ನೋವು ತಿಂದರೂ ಆಪರೇಷನ್ ಮಾಡಿದ ವೈದ್ಯರ ಬಳಿ ಒಮ್ಮೆಯೂ ಹೋಗಲಿಲ್ಲವೇಕೆ ಎಂದು ಕೇಳಿದ ಸುಪ್ರೀಂ ಕೋರ್ಟ್, 2010ರಲ್ಲಿ ಆ ದೂರನ್ನು ಅವಧಿ ಮೀರಿದ್ದೆಂದು ವಜಾ ಮಾಡಿತು.