ಹಗ್ಗ ಸಡ್ಲ ಬಿಡವ್ವಾ

ನೋಡವ್ವಾ, ಗೇರ್ ಸೈಕಲ್ ಬಂತಂತ ನಿಮ್ಮಪ್ಪ ಫೋನ್ ಮಾಡಿದ್ದ. ರೇಟು ಕೇಳಿ ನಾ ಒಂದು ಗಳಿಗಿ ಸುಮ್ನಾದೆ. ನನ್ನ ಕಾಲಕ್ಕ ಆ ರೊಕ್ಕದಾಗ ಜೋಡೆತ್ತು ಬರ್ತಿದ್ವು. ಇರ್ಲಿ. ಬರೋ ಐತವಾರ ಬಿಂಕದಕಟ್ಟಿ ಕಡಿ ಗುಡ್ಡಕ್ಕ ಹೊಂಟೀಯಂತ. ಹೋಗು, ಬ್ಯಾಡ ಅನ್ನಾಂವಲ್ಲ ನಾ. 2022ರಾಗ ರಾಷ್ಟ್ರಮಟ್ಟದ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ನಡದದ್ದು ನಮ್ಮ ಗದಗಿನ್ಯಾಗ. ಹೊಲಕ್ಕೂ ಬರಂಗಿಲ್ಲ, ಮನಿಗೂ ಬರಂಗಿಲ್ಲ ಅಂತ ನಾವು ದಿನಾ ಬೈಯೋ ಗರಸಿಗೆ ಅವತ್ತು ಕಿಮ್ಮತ್ತು ಬಂತು.

ಆದ್ರ ಹೋಗೂಕಿಂತ ಮುಂಚೆ ನಿಮ್ಮಜ್ಜನ ಚಕ್ಕಡಿ ನೆನಪು ಮಾಡ್ಕೊ. ನೀ ಕಂಡಿಲ್ಲ, ನಾ ಹೇಳ್ತೀನಿ. ಕಲ್ಲಿನ ಹಳ್ಳ ಬಂತಂದ್ರ ನಮ್ಮಪ್ಪ ಹಗ್ಗ ಸಡ್ಲ ಬಿಡ್ತಿದ್ದ. ಎಲ್ಲಿ ಹೆಜ್ಜಿ ಇಡಬೇಕಂತ ಎತ್ತಿಗೆ ಗೊತ್ತು. ನಾ ಹೊಸದಾಗಿ ಹೊಡಿಯೂ ಮುಂದ ಹೆದರಿ ಜಗ್ಗಿ ಹಿಡದೆ; ಎತ್ತು ಮುಗ್ಗರಿಸಿತು, ಗಾಲಿ ಹೋಗಿ ಬಂಡೆಗಲ್ಲಿಗೆ ಬಡೀತು. ನಿನ್ನ ಹ್ಯಾಂಡಲ್ಲೂ ಹಂಗ. ಕಲ್ಲಿನ ಮ್ಯಾಲ ಮುಂದಿನ ಗಾಲಿ ಅತ್ತಿತ್ತ ಕುಣಿಯೂದ ಅದರ ಸ್ವಭಾವ. ಕುಣೀಲಿ ಬಿಡು. ಕೈ ಬಿಗಿ ಹಿಡದಿ ಅಂದ್ರ ಒಂದೊಂದು ಕಲ್ಲಿನ ಏಟೂ ಭುಜಕ್ಕ ಬರತೈತಿ, ಸೈಕಲ್ಲು ದಾರಿ ಬಿಟ್ಟು ನಿನ್ನ ಹೆದರಿಕಿ ಹೇಳಿದ ಕಡಿಗೆ ಹೋಗತೈತಿ.

ಇಳಿಜಾರಿನ್ಯಾಗ ಸೀಟಿನ ಮ್ಯಾಲ ಕುಂದ್ರಬ್ಯಾಡ. ಸೀಟು ಕೆಳಗ ಇಳಿಸ್ಕೊ, ಪೆಡಲ್ ಮ್ಯಾಲ ನಿಲ್ಲು, ಮೊಣಕಾಲು ಮೊಣಕೈ ಮಡಚಿರ್ಲಿ. ಎರಡೂ ಪೆಡಲ್ ನೆಲಕ್ಕ ಸಮಾ ಇರ್ಲಿ. ಒಂದು ಕೆಳಗ ಬಿಟ್ಟಿ ಅಂದ್ರ ಅದು ಕಲ್ಲಿಗೆ ಬಡದು ನಿನ್ನ ಎತ್ತಿ ಒಗಿತೈತಿ. ಕಣ್ಣು ಮುಂದಿನ ಗಾಲಿ ಮ್ಯಾಲ ಇಡಬ್ಯಾಡ, ನಾಲ್ಕೈದು ಮಾರು ಮುಂದ ಇಡು. ಯಾವ ಕಲ್ಲು ನೋಡ್ತೀಯೋ ಅದಕ್ಕ ಹೋಗಿ ಬಡೀತಿ, ಇದನ್ನ ಬರದಿಟ್ಕೊ. ಕಲ್ಲು ನೋಡಬ್ಯಾಡ, ಎರಡು ಕಲ್ಲಿನ ನಡುವಿನ ಸಂದು ನೋಡು.

ಕಲ್ಲಿನ್ಯಾಗೂ ಜಾತಿ ಐತಿ. ನೆಲಕ್ಕ ಕಚ್ಚಿಕೊಂಡ ಹಾಸುಗಲ್ಲು, ಎಷ್ಟು ದೊಡ್ಡದಿದ್ರೂ ನಂಬು, ಒಣಗಿದ್ರ ಟಯರನ್ನ ಚೊಲೋ ಹಿಡೀತೈತಿ. ಕೈಯಾಗ ಹಿಡಿಯುವಷ್ಟು ಉರುಳುಗಲ್ಲು ಮಾತ್ರ ಮೋಸ. ಅದಕ್ಕಿಂತ ಮೋಸ ಬಂಡೆಗಲ್ಲಿನ ಮ್ಯಾಲ ಚೆಲ್ಲಿದ ಹರಳು. ಅಂಥಲ್ಲಿ ಹ್ಯಾಂಡಲ್ ತಿರುವಬ್ಯಾಡ, ಬ್ರೇಕ್ ಹಿಡೀಬ್ಯಾಡ, ನೆಟ್ಟಗ ದಾಟು. ಬ್ರೇಕ್ ಏನಿದ್ರೂ ಕಲ್ಲು ಬರೂಕಿಂತ ಮುಂಚೆ. ಮತ್ತ ಒಂದು, ನಮ್ಮ ಸೀಮಿ ಕಲ್ಲು ಬ್ಯಾರೆ. ಭೂವಿಜ್ಞಾನದವರು ಗದಗ ಶಿಸ್ಟ್ ಪಟ್ಟಿ ಅಂತಾರ. ಪದರು ಪದರಾಗಿ ಸೀಳೋ ಕಲ್ಲು ಅದು. ಸೀಳಿದ ಅಂಚು ಕುಡಗೋಲು ಇದ್ದಂಗ, ಟಯರಿನ ಪಕ್ಕಾ ಕೊಯ್ದು ಬಿಡತೈತಿ.

ಇಷ್ಟು ಹೆಂಗ ಗೊತ್ತು ಅಂತಿ? ಇಪ್ಪತ್ತೆರಡನೇ ವಯಸ್ಸಿನ್ಯಾಗ ಬಾಡಿಗಿ ಸೈಕಲ್ ತೊಗೊಂಡು, ಗೆಳ್ಯಾರ ಮುಂದ ಶಾಣ್ಯಾತನ ತೋರ್ಸಾಕ ಹೋಗಿ, ಇಳಕಲಿನ್ಯಾಗ ಮುಂದಿನ ಬ್ರೇಕ್ ಮುಷ್ಟಿ ಕಟ್ಟಿ ಹಿಡದೆ. ಸೈಕಲ್ ನಿಂತಿತು. ನಾ ನಿಲ್ಲಲಿಲ್ಲ. ಭುಜದ ಎಲುಬು ಮುರೀತು, ಆ ವರ್ಷದ ಸುಗ್ಗಿ ನಾ ಕಟ್ಟಿ ಮ್ಯಾಲ ಕುಂತು ನೋಡಿದೆ. ಯಾವ ಕೈಗೆ ಮುಂದಿನ ಬ್ರೇಕ್ ಐತಿ ಅಂತ ಮನಿ ಬಿಡೂಕಿಂತ ಮುಂಚೆ ನೋಡ್ಕೊ. ನಿಲ್ಸೋ ಶಕ್ತಿ ಜಾಸ್ತಿ ಇರೂದು ಅದಕ್ಕ, ಹಂಗಂತ ಅದನ್ನ ಬಿಡಬ್ಯಾಡ. ಒಂದು ಬೆರಳಿಲೆ ಮೆತ್ತಗ, ಹಿಂದಿನದರ ಜೋಡಿ ಹಿಡಿ. ಹೆಲ್ಮೆಟ್ ವಿಷಯ ನಾ ಹೇಳಂಗಿಲ್ಲ, ನಿಮ್ಮವ್ವ ಹೇಳ್ತಾಳ.

ಗಾಳಿ ಕಲ್ಲಿನಂಗ ತುಂಬಿಸಬ್ಯಾಡ. ಡಾಂಬರಿಗೆ ಅದು ಸರಿ, ಗುಡ್ಡದಾಗ ಪುಟೀತೈತಿ. ನಿನ್ನಂಥ ಹಗೂರ ಮೈಯಾಕಿಗೆ ಗಾಳಿ ಮೀಟರಿನ್ಯಾಗ 25ರಿಂದ 30 ಪಿಎಸ್‌ಐ ಸಾಕು. ಅದಕ್ಕೂ ತೀರಾ ಕಮ್ಮಿ ಮಾಡಿದ್ರ ಕಲ್ಲಿಗೂ ರಿಮ್ಮಿಗೂ ನಡುವ ಟ್ಯೂಬು ಸಿಕ್ಕು ಜೋಡಿ ತೂತು ಬೀಳತಾವ. ಕಲ್ಲಿಂದ ಉಳದ್ರೂ ಬಳ್ಳಾರಿ ಜಾಲಿ ಮುಳ್ಳು ಬಿಡಂಗಿಲ್ಲ. ಹೆಚ್ಚಿನ ಟ್ಯೂಬು, ಸಣ್ಣ ಪಂಪು ಇರ್ಲಿ. ಪಂಕ್ಚರ್ ಆದ್ರ ಹೊಸಾ ಟ್ಯೂಬ್ ಹಾಕೂಕಿಂತ ಮುಂಚೆ ಟಯರಿನ ಒಳಗ ಅರಿವಿ ಆಡಿಸಿ ನೋಡು. ಮುಳ್ಳು ಅಲ್ಲೇ ಕುಂತಿರತೈತಿ.

ಮಳಿ ಆದ ಮರದಿನ ಮುಂಡರಗಿ ಕಡಿ ಎರಿ ಹೊಲದ ದಾರಿ ಹಿಡೀಬ್ಯಾಡ. ಎರಿಮಣ್ಣು ಗಾಲಿಗೆ ಹತ್ತಿ ಹತ್ತಿ ಸೈಕಲ್ ನಿನ್ನ ಹೆಗಲಿಗೇ ಬರತೈತಿ. ಮಸಾರಿ ನೆಲ ಲಗೂನ ಒಣಗತೈತಿ. ಆಷಾಢದ ಗಾಳಿ ಗುಡ್ಡದ ನೆತ್ತಿ ಮ್ಯಾಲ ಅಡ್ಡ ಬಡೀತೈತಿ, ಬ್ಯಾಸಗಿಯಾಗ ಒಂಬತ್ತರೊಳಗ ಮನಿ ಸೇರು. ನಮ್ಮ ಕಡಿ ಮಾಗಡಿ ಕೆರಿಗೆ ಪಟ್ಟೆ ತಲಿ ಹೆಬ್ಬಾತು ಬಂದು ಇಳಿಯೋ ಚಳಿ ದಿನಾನ ಈ ಕೆಲಸಕ್ಕ ಚೊಲೋ.

ಕಪ್ಪತಗುಡ್ಡದ ಆಸಿ ನಿನಗ ಐತಿ, ಗೊತ್ತು. ಅದು ಗದಗ, ಮುಂಡರಗಿ, ಶಿರಹಟ್ಟಿ ಮೂರೂ ಕಡಿ ಚಾಚೇತಿ. 2019ರಾಗ ವನ್ಯಜೀವಿಧಾಮ ಆತು, ಸುಮಾರು 244 ಚದರ ಕಿಲೋಮೀಟರ್. ತೋಳ, ಕತ್ತೆಕಿರುಬ, ಚಿರತಿ ಇರೋ ಜಾಗಾ. ಅರಣ್ಯ ಇಲಾಖೆಯ ಪರವಾನಗಿ ಇಲ್ಲದ ಒಳಗ ಗಾಲಿ ಇಡಬ್ಯಾಡ, ಯಾರರ ಇಟ್ಟಾರಂತ ನೀನೂ ಇಡಬ್ಯಾಡ. ಆದ್ರ ಚಿರತಿಗಿಂತ ನಿನಗ ಗಂಟು ಬೀಳೋದು ಕುರಿಗಾರರ ನಾಯಿ. ಬೆನ್ನ ಹತ್ತಿದ್ರ ಓಡಿಸ್ಕೊಂಡು ಹೋಗಬ್ಯಾಡ. ಇಳಿ, ಸೈಕಲ್ ನಡುವ ಅಡ್ಡ ಇಟ್ಕೊಂಡು ನಿಲ್ಲು, ಕುರಿಗಾರನ್ನ "ಯಣ್ಣಾ" ಅಂತ ಕೂಗು. ಅಂವ ಕರಿಯೂತನಕ ಅವು ಕೇಳಂಗಿಲ್ಲ, ಕರದ ಮ್ಯಾಲ ಬಾಲಾ ಮುದುಡ್ಕೊಂಡು ಹೋಗತಾವ.

ಮತ್ತ, ಮೊದಲನೇ ಸಲ ಬಿಂಕದಕಟ್ಟಿ ಗುಡ್ಡದ ಇಳಿಜಾರು ಸೈಕಲ್ ಕೈಯಾಗ ಹಿಡಕೊಂಡು ನಡದು ಇಳಿ. ಗೆಳತ್ಯಾರು ನಕ್ಕರ ನಗಲಿ. ಐತವಾರ ನಾನೂ ಲಕ್ಷ್ಮೇಶ್ವರದಿಂದ ಮೊದಲನೇ ಬಸ್ಸಿಗೆ ಬರ್ತೀನಿ. ಗುಡ್ಡದ ಕೆಳಗ ನಿಂತಿರ್ತೀನಿ, ಡಬ್ಬ್ಯಾಗ ಗಿರಮಿಟ್ಟು ಇರತೈತಿ, ಉಳ್ಳಾಗಡ್ಡಿ ಬ್ಯಾರೆ ಕಟ್ಟಿಸ್ಕೊಂಡು.