ಜರುಗದ ಚೀಲದ ಮೇಲೂ ಬಲವಿದೆ: ಎಂಟನೇ ತರಗತಿಗೆ ಒಂದು ಪಾಠ

ಚಲನೆ, ವೇಗ, ದಿಕ್ಕು, ಆಕಾರ ಬದಲಾಗುವುದು ಬಲದ ಪರಿಣಾಮವೆಂದು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದ ಮಕ್ಕಳು ಸುಲಭವಾಗಿ ಹೇಳಿಯಾರು. ಆದರೆ "ತಳ್ಳಿದರೂ ಚೀಲ ಜರುಗಲಿಲ್ಲ, ಬಲ ಬಿದ್ದಿತೇ?" ಎಂದು ಕೇಳಿದರೆ ಹಲವರ ಉತ್ತರ "ಇಲ್ಲ". ಪ್ರಶಿಕ್ಷಣಾರ್ಥಿಗಳು ಪಾಠವನ್ನು ಈ ಉತ್ತರದಿಂದಲೇ ಆರಂಭಿಸುವುದು ಲೇಸು.

ಪೀಠಿಕೆ: ಮೆಣಸಿನಕಾಯಿ ಚೀಲ ಮಕ್ಕಳಿಗೆ ಪರಿಚಿತ. ಅದುಮಿದರೆ ಅದರ ಆಕಾರ ಬದಲಾಗುತ್ತದೆ. ಎಳೆದರೆ ಜರುಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ನಿಲ್ಲಿಸಿದ್ದು ನೆಲದ ಘರ್ಷಣೆ.

ಚಟುವಟಿಕೆ: ಪುಸ್ತಕ ತುಂಬಿದ ಶಾಲಾಚೀಲಕ್ಕೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ನೆಲಕ್ಕೆ ಸಮಾಂತರವಾಗಿ ಮೆಲ್ಲಗೆ ಎಳೆಸಿ. ಮುಳ್ಳು 5 ನ್ಯೂಟನ್ ತೋರಿಸಿಯೂ ಚೀಲ ನಿಂತೇ ಇದ್ದರೆ, ಘರ್ಷಣೆಯೂ 5 ನ್ಯೂಟನ್. ದಿಕ್ಕು ಮಾತ್ರ ವಿರುದ್ಧ. ಎಳೆತ ಹೆಚ್ಚಿದಂತೆ ಘರ್ಷಣೆಯೂ ಒಂದು ಮಿತಿಯವರೆಗೆ ಹೆಚ್ಚುತ್ತದೆ. ಮಿತಿ ದಾಟಿದಾಗ ಚೀಲ ಹೊರಡುತ್ತದೆ. ಪ್ರತಿ ಹಂತಕ್ಕೂ ಮೊದಲು ಮಕ್ಕಳಿಂದ ಊಹೆ ಹೇಳಿಸಿ, ಬಳಿಕ ಮುಳ್ಳು ಓದಿಸಿ.

ಮೌಲ್ಯಮಾಪನ: ಚಕ್ಕಡಿಯ ಗಾಲಿ ಕೆಸರಿನಲ್ಲಿ ಹೂತಿದೆ. ಎತ್ತುಗಳು ಎಳೆಯುತ್ತಿವೆ, ಚಕ್ಕಡಿ ಅಲುಗಿಲ್ಲ. ಅದರ ಮೇಲಿನ ಹಿಂದು ಮುಂದಿನ ಬಲಗಳನ್ನು ಬಾಣಗಳಿಂದ ತೋರಿಸಿ.

ಸಮ ಉದ್ದದ ಎರಡು ವಿರುದ್ಧ ಬಾಣ ಬರೆದ ಮಗುವಿಗೆ ಪಾಠ ತಿಳಿದಿದೆ. ಒಂದೇ ಬಾಣ ಬರೆದ ಮಗುವಿನ ಕೈಗೆ ಮತ್ತೆ ತಕ್ಕಡಿ ಕೊಡಿ.