ಹಿಮಕ್ಕೂ ಒಂದು ಹದ

ನಾನು ಚಚಡಿಯವನು. ನಮ್ಮೂರ ಎರೆಭೂಮಿಗೆ ಹಿಮದ ಪರಿಚಯವಿಲ್ಲ. ಮಾಗಿಯ ಮುಂಜಾವಿನ ಇಬ್ಬನಿಯೇ ಅದು ಕಂಡ ದೊಡ್ಡ ಥಂಡಿ. ಇಂಥ ಊರಿನವನು ಹಿಮದ ಇಳಿಜಾರುಗಳನ್ನು ಕುರಿತು ಬರೆಯಹೊರಟಿದ್ದನ್ನು ಕಂಡು ಮಿತ್ರರು ನಕ್ಕರೆ ಅಚ್ಚರಿಯಿಲ್ಲ. ಆದರೆ ನನ್ನನ್ನು ಈ ವಿಷಯಕ್ಕೆ ಎಳೆದುತಂದದ್ದು ಒಂದು ವಾರದ ಎರಡು ಸುದ್ದಿಗಳು.

2024ರ ಫೆಬ್ರುವರಿ 21ರಿಂದ 25ರ ವರೆಗೆ ಕಾಶ್ಮೀರದ ಗುಲ್ಮರ್ಗದಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳು ನಡೆದವು. ಅಲ್ಲಿ ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಹಿಮದ ಮೇಲಿನ ದೂರದೋಟದ ಸ್ಕೀ ಸ್ಪರ್ಧೆಗಳಲ್ಲಿ ಕರ್ನಾಟಕಕ್ಕೆ ಚಿನ್ನ ಗೆದ್ದರು. ಅದೇ ಫೆಬ್ರುವರಿ 22ರಂದು, ಅದೇ ಗುಲ್ಮರ್ಗದ ಮೇಲಿನ ನೈಸರ್ಗಿಕ ಇಳಿಜಾರಿನಲ್ಲಿ ಹಿಮ ಕುಸಿದು ರಶಿಯಾದ ಒಬ್ಬ ಸ್ಕೀ ಆಟಗಾರ ಮಡಿದನು. ಒಂದೇ ಬೆಟ್ಟ, ಒಂದೇ ವಾರ. ಒಂದೆಡೆ ಆಟ, ಇನ್ನೊಂದೆಡೆ ಸಾವು. ಈ ಎರಡರ ನಡುವಿನ ಗೆರೆಯನ್ನು ಯಾರು ಎಳೆಯುತ್ತಾರೆ, ಹೇಗೆ ಎಳೆಯುತ್ತಾರೆ ಎಂಬುದೇ ಈ ಲೇಖನದ ವಿಷಯ.

ಹಿಮಕ್ರೀಡೆಯ ತಾಣಗಳಲ್ಲಿ ಎರಡು ಬಗೆಯ ನೆಲವಿರುತ್ತದೆ. ಒಂದು, ಯಂತ್ರದಿಂದ ಸಮಗೊಳಿಸಿದ ಜಾಡು. ಇನ್ನೊಂದು, ಹಿಮ ಬಿದ್ದಂತೆಯೇ ಬಿಟ್ಟ ನೈಸರ್ಗಿಕ ನೆಲ. ಮೊದಲನೆಯದು ಉತ್ತ ಹೊಲದಂತೆ, ಎರಡನೆಯದು ಗುಡ್ಡದ ಹುಲ್ಲುಗಾವಲಿನಂತೆ ಎನ್ನಬಹುದು.

ಜಾಡು ಸಮಗೊಳಿಸುವ ಯಂತ್ರಕ್ಕೆ ಟ್ಯಾಂಕಿನಂತೆ ಅಗಲವಾದ ಪಟ್ಟಿಗಳಿರುತ್ತವೆ. ಮುಂದಿನ ಅಲಗು ಉಬ್ಬಿದಲ್ಲಿಯ ಹಿಮವನ್ನು ತಗ್ಗಿಗೆ ತಳ್ಳುತ್ತದೆ. ಹಿಂದೆ ತಿರುಗುವ ಹಲ್ಲಿನ ಉರುಳೆ ಗಡ್ಡೆಗಳನ್ನು ಒಡೆಯುತ್ತದೆ. ಅದರ ಬೆನ್ನಿಗಿರುವ ಹಣಿಗೆ ಸಣ್ಣ ಸಣ್ಣ ಗೆರೆಗಳನ್ನು ಮೂಡಿಸುತ್ತದೆ. ನಮ್ಮ ರೈತ ಮೊದಲು ರಂಟೆ, ಆಮೇಲೆ ಕುಂಟಿ ಹೊಡೆಯುವಂತೆ, ಇಲ್ಲಿ ಎರಡೂ ಕೆಲಸ ಒಂದೇ ಸಾಲಿನಲ್ಲಿ ಆಗುತ್ತವೆ. ದೂರದೋಟದ ಸ್ಕೀಗಾದರೆ ಎರಡು ಸಮಾಂತರ ಗಾಡಿಗಳನ್ನೂ ಕೊರೆಯುವದುಂಟು. ನೋಡಿದರೆ ಎರೆಹಾದಿಯಲ್ಲಿ ಚಕ್ಕಡಿಯ ಗಾಲಿ ಕೊರೆದ ಗೆರೆಗಳ ನೆನಪಾಗುತ್ತದೆ.

ಈ ಕೆಲಸವನ್ನು ಹೆಚ್ಚಾಗಿ ರಾತ್ರಿಯೇ ಮಾಡುವದೇಕೆ? ಜನರಿಲ್ಲದಿರುವದು ಒಂದು ಕಾರಣ. ಎರಡನೆಯದು ಹಿಮದ ಗುಣ. ಹೊಸ ಹಿಮ ಬಲು ಹಗುರ. ಸಾಮಾನ್ಯವಾಗಿ 10 ಸೆಂಟಿಮೀಟರ್ ಹಿಮ ಕರಗಿದರೆ ಸುಮಾರು 1 ಸೆಂಟಿಮೀಟರ್ ನೀರಾದೀತು. ಅದನ್ನು ಕಲಸಿ ಒತ್ತಿದಾಗ ಕಣಗಳು ಒಂದಕ್ಕೊಂದು ತಾಗಿ, ತಾಗಿದಲ್ಲಿ ಬೆಸೆದುಕೊಳ್ಳುತ್ತವೆ. ಈ ಬೆಸುಗೆಗೆ ಥಂಡಿಯೂ ಕೆಲವು ತಾಸುಗಳ ವಿಶ್ರಾಂತಿಯೂ ಬೇಕು. ರಾತ್ರಿ ಹೊಡೆದ ಜಾಡು ಬೆಳಗಾಗುವದರೊಳಗೆ ಗಟ್ಟಿಯಾಗಿರುತ್ತದೆ.

ಆದರೆ ಯಾವಾಗ ಬೇಕಾದಾಗ ಯಂತ್ರ ಇಳಿಸುವಂತಿಲ್ಲ. ಈ ಮಾತು ನನಗೆ ಪುಸ್ತಕಕ್ಕಿಂತ ಮೊದಲು ಹೊಲದಲ್ಲಿಯೇ ತಿಳಿದಿತ್ತು. ಎರಡು ವರ್ಷಗಳ ಹಿಂದೆ, ತಂದೆಯವರು ಊರಲ್ಲಿಲ್ಲದಾಗ, ಮಳೆ ನಿಂತ ಮರುದಿನವೇ ಎತ್ತು ಹೂಡಿ ಕುಂಟಿ ಹೊಡೆದೆ. ಕೆಲಸ ಬೇಗ ಮುಗಿಸಿದೆನೆಂಬ ಹೆಮ್ಮೆ ಬೇರೆ! ಹಸಿ ಎರೆಮಣ್ಣು ಕುಂಟಿಗೆ ಮೆತ್ತಿ ಮುದ್ದೆ ಮುದ್ದೆಯಾಗಿ ಬಿತ್ತು. ನಾಲ್ಕು ದಿನದ ಬಿಸಿಲಿಗೆ ಆ ಮುದ್ದೆಗಳು ಕಲ್ಲಿನಂಥ ಹೆಂಟೆಗಳಾದವು. ತಂದೆಯವರು ಬಂದು ಬಯ್ಯಲಿಲ್ಲ. ಒಂದು ಹೆಂಟೆಯನ್ನು ನನ್ನ ಅಂಗೈಯಲ್ಲಿಟ್ಟು, “ಇದನ್ನ ಕೈಲೆ ಪುಡಿ ಮಾಡ, ನೋಡೂಣು” ಎಂದರು. ಆ ವರ್ಷ ಬಿತ್ತಿಗೆ ತಡವಾಯಿತು, ಬೆಳೆ ಅರ್ಧಕ್ಕಿಳಿಯಿತು.

ಹಿಮದ ಗತಿಯೂ ಇದೇ. ಬಿಸಿಲಿಗೆ ನೀರಾಡಿದ ಹಿಮವನ್ನು ಅವೇಳೆಯಲ್ಲಿ ಕಲಸಿದರೆ ರಾತ್ರಿಯ ಥಂಡಿಗೆ ಅದು ಹೆಂಟೆಗಟ್ಟಿ ಸ್ಕೀಯವರ ಕಾಲು ಮುರಿದೀತು. ಹಿಮದ ಪದರು ತೆಳುವಾಗಿದ್ದಾಗ ಯಂತ್ರ ಓಡಿಸಿದರೆ ಕೆಳಗಿನ ಕಲ್ಲುಮಣ್ಣು ಮೇಲೆದ್ದು ಬರುತ್ತದೆ. ಬೆಳಗಿನ ವರೆಗೆ ಹಿಮ ಬೀಳುವ ಮುನ್ಸೂಚನೆಯಿದ್ದರೆ, ಸಂಜೆಯೇ ಹೊಡೆದ ಜಾಡು ಮುಚ್ಚಿಹೋಗಿ ಶ್ರಮ ವ್ಯರ್ಥ. ಆದ್ದರಿಂದ ಮೇಲ್ವಿಚಾರಕರು ಪ್ರತಿ ಸಂಜೆ ಉಷ್ಣತೆ, ಹಿಮದ ಆಳ, ಮುನ್ಸೂಚನೆ, ಕೈಯಲ್ಲಿರುವ ಯಂತ್ರಗಳ ತಾಸುಗಳು, ಮರುದಿನ ಬರುವ ಜನ ಇವೆಲ್ಲವನ್ನೂ ತೂಗಿ ಪಟ್ಟಿ ಮಾಡುತ್ತಾರೆ. ಹೊಸಬರು ಕಲಿಯುವ ಮೆಲ್ಲನೆಯ ಇಳಿಜಾರುಗಳಿಗೂ ಎಲ್ಲರೂ ಮರಳಿ ಬರುವ ಮುಖ್ಯ ಹಾದಿಗಳಿಗೂ ಮೊದಲ ಪಾಳಿ. ಕೆಲವು ಕಡಿದಾದ ಇಳಿಜಾರುಗಳನ್ನು ನುರಿತವರ ಸಂತೋಷಕ್ಕಾಗಿ ಬೇಕೆಂದೇ ಮುಟ್ಟದೆ ಬಿಡುತ್ತಾರೆ.

ಇನ್ನು ನೈಸರ್ಗಿಕ ನೆಲ. ಇಲ್ಲಿಯ ಪ್ರಶ್ನೆ ಸುಖದ್ದಲ್ಲ, ಜೀವದ್ದು. ಮೊದಲು, ಬಂಡೆ-ಬೊಡ್ಡೆಗಳು ಮುಚ್ಚುವಷ್ಟು ಹಿಮ ಕೂಡಿರಬೇಕು. ಎರಡನೆಯದಾಗಿ, ಅದು ಕುಸಿಯದೆಂಬ ಭರವಸೆ ಬೇಕು. ಸುಮಾರು 30ರಿಂದ 45 ಅಂಶದ ಇಳಿಜಾರುಗಳಲ್ಲಿಯೇ ಹಿಮಕುಸಿತ ಹೆಚ್ಚು. ಸ್ಕೀಯವರಿಗೆ ಪ್ರಿಯವಾದ ಇಳಿಜಾರೂ ಅದೇ ಎಂಬುದು ವಿಧಿಯ ವಿಡಂಬನೆ. ಹಿಮ ಒಮ್ಮೆಲೆ ಬೀಳುವದಿಲ್ಲ. ಪದರು ಪದರಾಗಿ ಕೂಡುತ್ತದೆ. ನಡುವಿನ ಒಂದು ಪದರು ಸಕ್ಕರೆಯಂತೆ ಸಡಿಲಾಗಿದ್ದರೆ, ಅದರ ಮೇಲೆ ಹೊಸ ಹಿಮವೋ ಗಾಳಿ ಹೊತ್ತು ತಂದ ಹಿಮವೋ ಹೇರಿದಾಗ, ಒಬ್ಬ ಮನುಷ್ಯನ ಭಾರಕ್ಕೇ ಇಡಿಯ ಹಾಸು ಜಾರಬಲ್ಲದು.

ಅದಕ್ಕೆಂದೇ ಗಸ್ತಿನವರು ಹಿಮದಲ್ಲಿ ಗುಂಡಿ ತೋಡಿ ಪದರುಗಳನ್ನು ಪರೀಕ್ಷಿಸುತ್ತಾರೆ. ಸಂಶಯವಿದ್ದಲ್ಲಿ ಜನರಿಲ್ಲದ ಹೊತ್ತಿನಲ್ಲಿ ಸ್ಫೋಟಕವಿಟ್ಟು ಕುಸಿಯುವದನ್ನು ತಾವೇ ಕುಸಿಯಿಸುತ್ತಾರೆ. ಬಳಿಕ ಅಪಾಯದ ಸ್ಥಳಗಳಿಗೆ ಕಂಬ ನೆಟ್ಟು, ಹಗ್ಗ ಕಟ್ಟಿ, ಒಂದೊಂದೇ ಭಾಗವನ್ನು ತೆರೆಯುತ್ತಾರೆ. ಇಂದು ತೆರೆದದ್ದು ನಾಳೆಯೂ ತೆರೆದೇ ಇರಬೇಕೆಂಬ ನಿಯಮವಿಲ್ಲ. ರಾತ್ರಿಯ ಒಂದು ಗಾಳಿ ಎಲ್ಲವನ್ನೂ ಬದಲಿಸೀತು.

ಗುಲ್ಮರ್ಗದಲ್ಲಿ ಈ ವಿವೇಚನೆ ವಿಶೇಷವಾಗಿ ಕಠಿಣ. ಅಲ್ಲಿಯ ತೊಟ್ಟಿಲು-ಹಗ್ಗದಾರಿಯ ಮೊದಲ ಹಂತ 1998ರಲ್ಲಿ ಕೊಂಗ್‌ಡೂರಿಯ ವರೆಗೆ, ಎರಡನೆಯ ಹಂತ 2005ರಲ್ಲಿ ಅಫರ್ವತ್ ಬೆಟ್ಟದ ಎತ್ತರಕ್ಕೆ, ಸುಮಾರು 3,900 ಮೀಟರಿನಾಚೆಗೆ, ಆಯಿತು. ಮೇಲಿನ ಬಹುಭಾಗ ಯಂತ್ರ ಮುಟ್ಟದ ನೆಲ. ಹತ್ತುವದು ಸುಲಭವಾಯಿತು, ಇಳಿಯುವ ಅಪಾಯ ಹಾಗೆಯೇ ಉಳಿಯಿತು. 2023ರ ಫೆಬ್ರುವರಿ 1ರಂದು ಅಫರ್ವತ್‌ನಲ್ಲಿ ಪೋಲೆಂಡಿನ ಇಬ್ಬರು ಹಿಮಕುಸಿತಕ್ಕೆ ಬಲಿಯಾದರು. ಇತ್ತ ಹಿಮವೇ ಬಾರದಿದ್ದರೆ ಇನ್ನೊಂದು ಕಷ್ಟ: 2025ರ ಫೆಬ್ರುವರಿಯಲ್ಲಿ ನಡೆಯಬೇಕಿದ್ದ ಗುಲ್ಮರ್ಗದ ಕ್ರೀಡೆಗಳನ್ನು ಹಿಮದ ಕೊರತೆಯಿಂದ ಮಾರ್ಚಿಗೆ ಮುಂದೂಡಬೇಕಾಯಿತು.

ಮುಂದೂಡುವದು, ಹಗ್ಗ ಕಟ್ಟಿ “ಇಂದು ಬೇಡ” ಎನ್ನುವದು ಯಾರಿಗೂ ಪ್ರಿಯವಾದ ಮಾತಲ್ಲ. ದೂರದಿಂದ ಹಣ ಕೊಟ್ಟು ಬಂದವರು ಸಿಟ್ಟಾಗುತ್ತಾರೆ; ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆ. ತೆರೆದು ಏನೂ ಆಗದಿದ್ದರೆ ಯಾರೂ ಹೊಗಳುವದಿಲ್ಲ. ಮುಚ್ಚಿದ್ದರಿಂದ ಉಳಿದ ಜೀವವನ್ನು ಯಾರೂ ಎಣಿಸುವದಿಲ್ಲ. ಆದರೂ ಆ ಮಾತನ್ನು ಹೇಳುವವನೊಬ್ಬ ಬೆಟ್ಟದ ಮೇಲೆ ಇರಲೇಬೇಕು.

ಈಗ ನಮ್ಮ ಮನೆಯಲ್ಲಿ ಮಳೆ ನಿಂತ ಮೇಲೆ ನಾನೇ ಮೊದಲು ಹೊಲಕ್ಕೆ ಹೋಗುತ್ತೇನೆ. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ, ಬಿಟ್ಟು ನೋಡುತ್ತೇನೆ. ಅದು ಉದುರಾಗಿ ಬೀಳದಿದ್ದರೆ ಎತ್ತುಗಳನ್ನು ಕೊಟ್ಟಿಗೆಯಲ್ಲಿಯೇ ಬಿಟ್ಟು ಕಾಲೇಜಿಗೆ ಬರುತ್ತೇನೆ.